ಅರ್ಧ ಗಂಟೆಯ ಕತ್ತಲೆ

ನಮ್ಮ ಪ್ರಯೋಗಾಲಯದಲ್ಲಿ ಚಹಾಕ್ಕೆ ಹೋಗುವುದೂ ಪರೀಕ್ಷೆಯ ಒಂದು ಭಾಗ. ತಮಾಷೆಗೆ ಹೇಳುತ್ತಿಲ್ಲ. ಗಿಡಮೂಲಿಕೆಯ ಪುಡಿ ಬಂದರೆ ಅದನ್ನು ಮೆಥನಾಲ್‌ನಲ್ಲಿ ನೆನೆಸಿ, ಅಲುಗಾಡಿಸಿ, ಸೋಸಿ ರಸ ತೆಗೆಯುತ್ತೇವೆ. ಇನ್ನೊಂದು ಸೀಸೆಯಲ್ಲಿ ಕಡುನೇರಳೆ ಬಣ್ಣದ ದ್ರಾವಣ ಇರುತ್ತದೆ. ಅದರ ಪೂರ್ತಿ ಹೆಸರು ಹೇಳಲು ನಾಲಿಗೆ ಹೊರಳುವುದಿಲ್ಲ. ಎಲ್ಲರೂ ಡಿಪಿಪಿಎಚ್ ಎನ್ನುತ್ತಾರೆ, ನಾನು ನೇರಳೆ ನೀರು ಎನ್ನುತ್ತೇನೆ. ಇದಕ್ಕೆ ಗಿಡದ ರಸ ಬೆರೆಸಿದರೆ, ರಸದಲ್ಲಿ ಆ್ಯಂಟಿ ಆಕ್ಸಿಡೆಂಟ್ ಇದ್ದಷ್ಟೂ ನೇರಳೆ ಕಳೆದು ಹಳದಿಯಾಗುತ್ತದೆ. ಎಷ್ಟು ಬಣ್ಣ ಹೋಯಿತು ಎಂದು ಯಂತ್ರ ಅಳೆದು ಹೇಳುತ್ತದೆ. ಆದರೆ ಬೆರೆಸಿದ ಕೂಡಲೇ ಅಳೆಯುವಂತಿಲ್ಲ, ಅರ್ಧ ಗಂಟೆ ಕತ್ತಲೆಯಲ್ಲಿ ಇಡಬೇಕು. ಬೆಳಕು ಬಿದ್ದರೆ ನೇರಳೆ ತಾನಾಗಿಯೇ ಪೇಲವವಾಗಿ ಲೆಕ್ಕ ಕೆಡುತ್ತದೆ. ಹಾಗಾಗಿ ಕೊಳವೆಗಳನ್ನು ಮರದ ಬೀರುವಿನಲ್ಲಿಟ್ಟು, ಬಾಗಿಲು ಮುಚ್ಚಿ, ಎಲ್ಲರೂ ಕೆಳಗಿನ ಕ್ಯಾಂಟೀನಿಗೆ ಚಹಾಕ್ಕೆ ಹೋಗುತ್ತೇವೆ. ಬೀರುವಿನೊಳಗೆ ಆ ಅರ್ಧ ಗಂಟೆಯಲ್ಲಿ ಏನು ನಡೆಯುತ್ತದೆ ಎಂದು ನಮ್ಮಲ್ಲಿ ಯಾರೂ ನೋಡಿದವರಿಲ್ಲ.

ನಾನು ಸಿಡುಕಿ. ಇದನ್ನು ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ವಾಸಿ. ಮೂಗಿನ ತುದಿಯಲ್ಲೇ ಕೋಪ ಎಂದು ಅಮ್ಮ ಚಿಕ್ಕಂದಿನಿಂದ ಹೇಳುತ್ತ ಬಂದಿದ್ದಾಳೆ. ಈ ಕೆಲಸಕ್ಕೆ ಸೇರಿದ ಮೇಲೆ ಅದು ಇನ್ನಷ್ಟು ಹೆಚ್ಚಿತು. ನಮ್ಮಲ್ಲಿಗೆ ಪುಡಿ ತರುವ ಪ್ರತಿಯೊಬ್ಬರೂ ಸಂಜೀವಿನಿಯನ್ನೇ ಕಿತ್ತು ತಂದವರಂತೆ ಮಾತಾಡುತ್ತಾರೆ. ಗಾಜಿನ ಕೊಳವೆಯಲ್ಲಿ ಬಣ್ಣ ಹೋದರೆ ಹೊಟ್ಟೆಯೊಳಗಿನ ರೋಗ ಹೋಗುತ್ತದೆ ಎಂದೇನೂ ಇಲ್ಲ ಸ್ವಾಮಿ ಎಂದು ಹೇಳಿದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ. ಡಬ್ಬದ ಮೇಲೆ ಅಚ್ಚು ಹಾಕಿಸಲು ಅವರಿಗೊಂದು ಅಂಕಿ ಬೇಕು. ನಮ್ಮ ವಿಭಾಗದ ಸಾಹೇಬರೂ ಅದನ್ನೇ ಹೇಳುತ್ತಾರೆ: ‘ಅಂಕಿ ಕೊಡೋದು ನಮ್ಮ ಕೆಲಸ ಮೇಡಂ, ಬುದ್ಧಿ ಕೊಡೋದು ಅಲ್ಲ.’

ಇಂಥ ಕಡೆಗೆ ನಮ್ಮ ಅಮ್ಮನ ಪುಡಿಯೂ ಬಂತು.

ಅಪ್ಪ ಹೋದಾಗ ನನಗೆ ನೆನಪು ಉಳಿಯುವಷ್ಟೂ ವಯಸ್ಸಾಗಿರಲಿಲ್ಲ. ಅಮ್ಮ ನನ್ನನ್ನು ಸಾಕಿದ್ದು ಬೇಲಿಸೊಪ್ಪಿನ ಪುಡಿಯಿಂದ. ಬೇಲಿಸೊಪ್ಪು ಅನ್ನುವುದು ನಾವಿಟ್ಟ ಹೆಸರು. ಬೇಲಿಯ ಮೇಲೆ ತಾನಾಗಿ ಹಬ್ಬುವ ಒಂದು ಬಳ್ಳಿ ಅದು. ಅದರ ಎಲೆ ಬಿಡಿಸಿ, ಒಳಕೋಣೆಯ ನೆರಳಿನಲ್ಲಿ ಬಟ್ಟೆಯ ಮೇಲೆ ಹರವಿ, ದಿನಾ ಬೆರಳಿನಿಂದ ತಿರುವಿ ಹಾಕಿ, ಒಣಗಿದ ಮೇಲೆ ಪುಡಿ ಮಾಡುತ್ತಾಳೆ. ಕೆಮ್ಮಿಗೆ, ಅಜೀರ್ಣಕ್ಕೆ, ಸುಮ್ಮನೆ ಸುಸ್ತಿಗೆ ಜನ ಒಯ್ಯುತ್ತಾರೆ. ಪೊಟ್ಟಣ ಕಟ್ಟಿ ಸ್ಕೂಟರಿನಲ್ಲಿ ಅಂಗಡಿ ಅಂಗಡಿಗೆ ಹಾಕುವುದು ಅಮ್ಮನ ತಮ್ಮ, ನನ್ನ ಸೋದರಮಾವ. ಮಾವನಿಗೆ ಮದುವೆಯಿಲ್ಲ, ಬಾಯಿಗೆ ಬೀಗವಿಲ್ಲ. ಎರಡು ಬೀದಿ ಆಚೆ ಒಂದು ಕೋಣೆಯಲ್ಲಿ ಮಲಗುತ್ತಿದ್ದ, ಉಳಿದೆಲ್ಲ ನಮ್ಮ ಮನೆಯಲ್ಲೇ. ಶಾಲೆಗೆ ಬಿಟ್ಟವನು, ಸೈಕಲ್ ಕಲಿಸಿದವನು, ನನಗೆ ಈ ಕೆಲಸ ಸಿಕ್ಕಿದಾಗ ಬೀದಿಗೆಲ್ಲ ಸಿಹಿ ಹಂಚಿದವನು ಅವನೇ. ಆವತ್ತಿನಿಂದ ನನ್ನನ್ನು ವಿಜ್ಞಾನಿಗಳು ಎಂದೇ ಕರೆಯುತ್ತಿದ್ದ.

ಇಷ್ಟು ವರ್ಷ ಪುಡಿ ಮಾರಿದರೂ ಅಮ್ಮನ ಮನಸ್ಸಿನಲ್ಲಿ ಒಂದು ಮುಳ್ಳು ಹಾಗೇ ಉಳಿದಿತ್ತು. ನಾನು ಚಿಕ್ಕವಳಿದ್ದಾಗ ಜ್ವರ ಬಂತೆಂದು ಬೀದಿ ಕೊನೆಯ ಡಾಕ್ಟರ ಹತ್ತಿರ ಎತ್ತಿಕೊಂಡು ಹೋಗಿದ್ದಳು. ಬೆಂಚಿನ ತುಂಬ ಜನ ಕೂತಿದ್ದರು. ಡಾಕ್ಟರು, ‘ನಿಮ್ಮ ಹುಲ್ಲಿನ ಪುಡಿ ಇರುವಾಗ ನನ್ನ ಹತ್ರ ಯಾಕೆ ಬಂದ್ರಿ?’ ಎಂದರಂತೆ. ಬೆಂಚಿಗೆ ಬೆಂಚೇ ನಕ್ಕಿತಂತೆ. ಆ ಡಾಕ್ಟರು ಯಾವತ್ತೋ ತೀರಿಹೋದರು, ಆ ಜಾಗದಲ್ಲಿ ಈಗ ಮೊಬೈಲ್ ಅಂಗಡಿಯಿದೆ. ಅಮ್ಮ ಇವತ್ತಿಗೂ ಆ ಅಂಗಡಿಯ ಮುಂದೆ ಹಾದುಹೋಗುವುದಿಲ್ಲ. ತನ್ನದು ಹುಲ್ಲಲ್ಲ, ಮದ್ದು ಎಂದು ಯಾರಾದರೂ ಬರೆದು ಮೊಹರು ಹಾಕಿ ಕೊಡಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಡಬ್ಬದಲ್ಲಿ ಮೂಲಿಕೆ ಪುಡಿ ತುಂಬಿ ಮಾರುವ ಒಂದು ಕಂಪನಿಯವರು ಮಾವನ ಕೈಯಿಂದ ಅಮ್ಮನ ಪುಡಿ ನೋಡಿ ಇಷ್ಟಪಟ್ಟರು. ಅಮ್ಮನ ಹೆಸರು, ಚಿತ್ರ ಹಾಕಿ ಡಬ್ಬ ಮಾಡುತ್ತೇವೆ, ಆದರೆ ಪ್ರಯೋಗಾಲಯದ ವರದಿ ಬೇಕು, ನೂರರಲ್ಲಿ ಅರವತ್ತು ಪಾಲಾದರೂ ನೇರಳೆ ಹೋಗಬೇಕು ಎಂದರು. ಇದು ನನ್ನ ಮನೆಯದೇ ಸ್ಯಾಂಪಲ್ ಎಂದು ನಾನು ಸಾಹೇಬರಿಗೆ ಮೊದಲೇ ಹೇಳಿದೆ. ‘ಪರೀಕ್ಷೆ ನೀವೇ ಮಾಡಿ, ಸಹಿ ನಾನು ಹಾಕ್ತೀನಿ,’ ಎಂದರು.

ಆ ವಾರ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಅಮ್ಮ ನೆಲದ ಮೇಲೆ ಕೂತು ಬಳ್ಳಿಯಿಂದ ಎಲೆ ಬಿಡಿಸುತ್ತಿದ್ದಳು. ಮಾವ ಕುರ್ಚಿಯನ್ನು ತಿರುಗಿಸಿ ಅದರ ಬೆನ್ನಿನ ಮೇಲೆ ಗದ್ದ ಊರಿ ನನ್ನ ತಲೆ ತಿನ್ನುತ್ತಿದ್ದ.

‘ಏನು ವಿಜ್ಞಾನಿಗಳೇ, ಅದು ಹ್ಯಾಗೆ ಗೊತ್ತಾಗುತ್ತೆ ಇದು ಜಾಸ್ತಿ, ಅದು ಕಮ್ಮಿ ಅಂತ?’

‘ಬಣ್ಣ ಹೋಗುತ್ತಲ್ಲ ಮಾವ. ಜಾಸ್ತಿ ಹೋದರೆ ಜಾಸ್ತಿ.’

‘ಎಷ್ಟು ಹೋದರೆ ಜಾಸ್ತಿ ಅನ್ನೋದಕ್ಕೊಂದು ಅಳತೆಗೋಲು ಬೇಡ್ವಾ?’

‘ಇದೆ. ವಿಟಮಿನ್ ಸಿ. ಅದನ್ನ ಒಂದು ಕೊಳವೆಗೆ ಹಾಕಿಟ್ಟಿರ್ತೀವಿ. ಅದರಷ್ಟು ಬಣ್ಣ ತೆಗೆಯೋದು ಯಾವ ಸೊಪ್ಪಿಗೂ ಸುಲಭ ಅಲ್ಲ. ಅದರ ಪಕ್ಕ ಇಟ್ಟು ನೋಡ್ತೀವಿ.’

‘ಅಂದ್ರೆ ನಮ್ಮ ಹುಡುಗಿಗೆ ಊರಿನ ಪೈಲ್ವಾನನ ಜೊತೆ ಕುಸ್ತಿ.’ ಮಾವ ತಲೆದೂಗಿದ. ‘ಹಿತ್ತಲ ಗಿಡ ಮದ್ದಲ್ಲ ಅಂತಾರೆ. ನಮ್ಮದು ಹಿತ್ತಲದ್ದೂ ಅಲ್ಲ, ಬೇಲಿದು. ಆ ವಿಟಮಿನ್ನು ಅಂದ್ರೆ ನಿನ್ನ ಹಲ್ಲಿನ ಡಾಕ್ಟ್ರು ಬರೆದುಕೊಟ್ಟಿದ್ದಾರಲ್ಲ, ಅದೇನಾ?’

‘ಅದೇ.’

ಆಗ ನನ್ನ ಒಸಡಿನಲ್ಲಿ ರಕ್ತ ಬರುತ್ತಿತ್ತು. ಬಿಳಿ ಮಾತ್ರೆ, ದಿನಕ್ಕೊಂದು. ಮರೆಯುತ್ತೇನೆಂದು ಅಮ್ಮನೇ ಬೆಳಿಗ್ಗೆ ನೀರಿನ ಜೊತೆ ತಂದು ಕೊಡುತ್ತಿದ್ದಳು. ನಾವು ಇಷ್ಟು ಮಾತಾಡುವಾಗ ಅವಳು ಒಂದು ಮಾತೂ ಆಡಲಿಲ್ಲ. ಎಲೆ ಬಿಡಿಸುತ್ತಲೇ ಇದ್ದಳು.

ಮೊದಲ ಪರೀಕ್ಷೆಯ ಅಂಕಿ ನೋಡಿ ನಾನು ಯಂತ್ರವನ್ನೇ ಬೈದೆ. ಇನ್ನೊಮ್ಮೆ ಅಳೆದೆ. ಮೂವತ್ತರ ಆಸುಪಾಸು. ಸಿಟ್ಟಿಗೆ ನಮ್ಮ ಕ್ಯಾಂಟೀನಿನ ಚಹಾಪುಡಿಯನ್ನೇ ತಂದು ಅದೇ ರೀತಿ ಪರೀಕ್ಷೆ ಮಾಡಿದೆ. ಎಂಬತ್ತು ದಾಟಿತು. ಕುದಿಸಿ ಕುದಿಸಿ ಕ್ಯಾಂಟೀನಿನವನು ನಮಗೆ ಕೊಡುವ ಆ ದರಿದ್ರ ಚಹಾಪುಡಿಯ ಮುಂದೆ ಅಮ್ಮನ ಸೊಪ್ಪು ಅರ್ಧಕ್ಕೂ ಬರಲಿಲ್ಲ.

ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸಿಹಿ ಸವರಿ ಹೇಳುವುದು ನನಗೆ ಬರುವುದಿಲ್ಲ, ಬಂದಿದ್ದರೂ ಹೇಳುತ್ತಿರಲಿಲ್ಲ. ‘ಸಾಧಾರಣ ಸೊಪ್ಪು ಅಮ್ಮ. ಕೆಟ್ಟದ್ದಲ್ಲ. ವಿಶೇಷವೂ ಅಲ್ಲ.’

ಅಮ್ಮನ ಮುಖದಲ್ಲಿ ಏನೂ ಬದಲಾಗಲಿಲ್ಲ. ‘ನೀನು ಒಯ್ದಿದ್ದು ಹಳೇ ಪುಡಿ,’ ಎಂದಳು. ‘ಮಳೆಗೆ ಮುಂಚೆ ಮಾಡಿದ್ದು. ಹೊಸಾದು ಮಾಡಿ ಕೊಡ್ತೀನಿ, ಇನ್ನೊಂದು ಸಲ ನೋಡು.’

ಹೆತ್ತವರಿಗೆ ಹೆಗ್ಗಣ ಮುದ್ದು ಎಂದುಕೊಂಡು ಒಪ್ಪಿದೆ.

ಹೊಸ ಪುಡಿಯನ್ನು ಮಾವನೇ ಪ್ರಯೋಗಾಲಯದ ಬಾಗಿಲಿಗೆ ತಂದುಕೊಟ್ಟ. ಯಾವಾಗಲೂ ಕಾವಲುಗಾರನ ಜೊತೆ ಎರಡು ಮಾತು, ನನ್ನ ಬಿಳಿ ಕೋಟಿನ ಮೇಲೆ ಒಂದು ಮಾತು ಆಡದೆ ಹೋಗದವನು ಅವತ್ತು ಪೊಟ್ಟಣ ಕೈಗಿಟ್ಟು, ‘ಚೆನ್ನಾಗಿ ನೋಡಮ್ಮ,’ ಎಂದು ಸ್ಕೂಟರ್ ತಿರುಗಿಸಿದ. ಆಗ ನನಗೆ ಅದೇನೂ ಅನ್ನಿಸಲಿಲ್ಲ. ನಾನು ರಸ ತೆಗೆದೆ, ನೇರಳೆ ನೀರಿಗೆ ಬೆರೆಸಿದೆ, ಬೀರುವಿನಲ್ಲಿಟ್ಟೆ, ಚಹಾಕ್ಕೆ ಹೋದೆ. ಬಂದು ಅಳೆದರೆ ತೊಂಬತ್ತೆರಡು.

ಅವತ್ತು ನಾನು ಪ್ರಯೋಗಾಲಯದಲ್ಲಿ ಎಲ್ಲರನ್ನೂ ಕರೆಕರೆದು ತೋರಿಸಿದೆ. ನಮ್ಮಮ್ಮನ ಸೊಪ್ಪು, ನಮ್ಮಮ್ಮ ನೆರಳಿನಲ್ಲಿ ಒಣಗಿಸಿದ ಸೊಪ್ಪು ಎಂದು ಹೇಳಿಕೊಂಡು ಕುಣಿದೆ. ಮನೆಗೆ ಬಂದು ಹೇಳಿದಾಗ ಅಮ್ಮ ಒಲೆಯ ಕಡೆ ಮುಖ ಮಾಡಿಕೊಂಡು, ‘ನಾನು ಹೇಳಿರಲಿಲ್ವಾ?’ ಎಂದಳು, ಅಷ್ಟೇ. ಆದರೆ ಮರುದಿನ ತರಕಾರಿಗೆ ಹೋದವಳು ಆ ಮೊಬೈಲ್ ಅಂಗಡಿಯ ಮುಂದಿನಿಂದಲೇ ನಡೆದುಕೊಂಡು ಬಂದಳು. ನಾನು ಕಿಟಕಿಯಿಂದ ನೋಡಿದೆ. ತಲೆ ಎತ್ತಿಕೊಂಡು ಬರುತ್ತಿದ್ದಳು. ನನ್ನ ಕಣ್ಣು ತುಂಬಿ ಬಂತು ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಒಂದೇ ಸಲದ ಅಂಕಿಗೆ ವರದಿ ಬರೆಯುವಂತಿಲ್ಲ. ಇನ್ನೊಂದು ದಿನ ಮತ್ತೆ ಮಾಡಿ ನೋಡಬೇಕು. ಆ ದಿನ ನನ್ನ ಒಸಡು ಊದಿಕೊಂಡಿತ್ತು. ಮಾತ್ರೆ ಮುಗಿದುಹೋಗಿತ್ತು, ತರಬೇಕು ಎಂದು ಅಮ್ಮ ಹೇಳಿದ್ದಳು, ನಾನು ಮರೆತಿದ್ದೆ. ಬಿಸಿ ಚಹಾ ನೆನೆಸಿಕೊಂಡರೇ ಹಲ್ಲು ಜುಮ್ಮೆನ್ನುತ್ತಿತ್ತು. ನೀವು ಹೋಗಿ, ನಾನು ಬರುವುದಿಲ್ಲ ಎಂದೆ. ಎಲ್ಲರೂ ಕೆಳಗಿಳಿದರು. ನಾನು ನೇರಳೆ ನೀರಿಗೆ ಅಮ್ಮನ ಸೊಪ್ಪಿನ ರಸ ಬಿಟ್ಟೆ.

ರಸ ಬಿದ್ದಿದ್ದೇ ತಡ, ನೇರಳೆ ಮಾಯವಾಯಿತು. ಕೊಳವೆಯನ್ನು ಅಲುಗಾಡಿಸುವಷ್ಟು ಹೊತ್ತೂ ಇಲ್ಲ.

ಇದರಲ್ಲೇನು ವಿಶೇಷ ಎಂದು ಬೇರೆಯವರು ಕೇಳಬಹುದು. ಸೊಪ್ಪಿನೊಳಗಿನ ಒಗರು ಪದಾರ್ಥಗಳು ಹಾಗೆ ಓಡಿಹೋಗಿ ಕೆಲಸ ಮುಗಿಸುವವಲ್ಲ. ಒಂದಿಷ್ಟು ಬೇಗ, ಉಳಿದದ್ದು ನಿಧಾನ, ಹೀಗೆ ಎಳೆದೆಳೆದು ಬಣ್ಣ ತೆಗೆಯುತ್ತವೆ. ಅದಕ್ಕೇ ಆ ಅರ್ಧ ಗಂಟೆ. ಹಾಕಿದ ಗಳಿಗೆಯಲ್ಲೇ ಬಣ್ಣವನ್ನು ಪೂರಾ ನುಂಗಿಬಿಡುವುದನ್ನು ನಾನು ಒಂದೇ ಒಂದು ಪದಾರ್ಥದಲ್ಲಿ ನೋಡಿದ್ದೆ. ದಿನಾ ನೋಡುತ್ತಿದ್ದೆ, ಪಕ್ಕದ ಕೊಳವೆಯಲ್ಲಿ. ವಿಟಮಿನ್ ಸಿ. ಅರ್ಧ ಗಂಟೆ ಕಳೆದ ಮೇಲೆ ಬಂದು ನೋಡಿದರೆ ಓಡಿದವನೂ ನಡೆದವನೂ ಒಂದೇ ಕಡೆ ನಿಂತಿರುತ್ತಾರೆ, ಯಂತ್ರಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಅನುಮಾನ ಪರಿಹಾರಕ್ಕೆ ಇನ್ನೊಂದು ವಿಧಾನ ಮಾಡಿದೆ. ಅದರಲ್ಲಿ ಒಂದು ಹಳದಿ ದ್ರಾವಣ ಹಾಕಿ, ಮೇಲೆ ಬಟ್ಟೆಸೋಡಾ ಕರಗಿಸಿದ ನೀರು ಹಾಕಿದರೆ ಸೊಪ್ಪಿನ ರಸ ನೀಲಿಯಾಗುತ್ತದೆ. ಇದು ಸೋಡಾ ಹಾಕುವ ಮೊದಲೇ ನೀಲಿಗೆ ತಿರುಗಿತು. ಹಾಗೆ ಆತುರ ಪಡುವುದೂ ಆ ವಿಟಮಿನ್ನಿನ ಬುದ್ಧಿಯೇ. ಮೊದಲ ಸಲದ ಹಳೇ ಪುಡಿ ಒಂದು ಚಿಟಿಕೆ ಉಳಿದಿತ್ತು. ಅದರ ರಸ ತೆಗೆದು ಹಾಕಿದೆ. ಅದು ನಿಧಾನವಾಗಿ, ಬಡಪಾಯಿ, ತನ್ನ ಕೈಲಾದಷ್ಟು ಬಣ್ಣ ತೆಗೆದು ನಿಂತಿತು.

ಸಾಹೇಬರು ಚಹಾ ಮುಗಿಸಿ ಬಂದರು. ಹೇಳಿದೆ. ಅವರು ಯಂತ್ರದ ಅಂಕಿ ನೋಡಿ, ‘ತೊಂಬತ್ತೊಂದು. ಚೆನ್ನಾಗೇ ಇದೆಯಲ್ಲ,’ ಎಂದರು.

‘ಇದು ಸೊಪ್ಪಿನದಲ್ಲ ಸಾರ್. ಯಾರೋ ಬೆರೆಸಿದ್ದಾರೆ.’

‘ವಿಧಾನದಲ್ಲಿ ಏನು ಬರೆದಿದೆ? ಅರ್ಧ ಗಂಟೆ ಬಿಟ್ಟು ನೋಡಿ ಅಂತ. ಮೊದಲೇ ನೋಡಿ ಅಂತ ಎಲ್ಲಾದರೂ ಬರೆದಿದೆಯಾ? ನೀವು ಚಹಾಕ್ಕೆ ಬಂದಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ ಮೇಡಂ.’

‘ಸಹಿ ಹಾಕಬೇಡಿ,’ ಎಂದೆ.

‘ನಿಮ್ಮದೇ ಮನೆ ಸ್ಯಾಂಪಲ್, ನಿಮ್ಮಿಷ್ಟ,’ ಎಂದರು. ಅವರಿಗೆ ಅದರಿಂದ ಹೋಗುವಂಥದ್ದು ಏನೂ ಇರಲಿಲ್ಲ.

ದಾರಿಯುದ್ದಕ್ಕೂ ಮೈ ಉರಿಯುತ್ತಿತ್ತು. ಯಾರು ಎಂದು ಯೋಚಿಸುವ ಅಗತ್ಯವೇ ನನಗೆ ಕಾಣಲಿಲ್ಲ. ಅಳತೆಗೋಲು ಯಾವುದು ಎಂದು ಕೇಳಿದ್ದು ಯಾರು? ಹಲ್ಲಿನ ಡಾಕ್ಟರ ಮಾತ್ರೆ ಅದೇನಾ ಎಂದು ಕೇಳಿದ್ದು ಯಾರು? ಪೊಟ್ಟಣ ತಂದುಕೊಟ್ಟು ತಲೆ ತಪ್ಪಿಸಿಕೊಂಡು ಹೋದವನು ಯಾರು? ಅಮ್ಮನ ಹೆಸರು ಡಬ್ಬದ ಮೇಲೆ ಬಂದರೆ ಊರೆಲ್ಲ ಮೆರೆಯುವವನು ಅವನೇ.

ಮಾವ ಎಂದಿನಂತೆ ಕುರ್ಚಿಯ ಬೆನ್ನಿಗೆ ಗದ್ದ ಊರಿ ಚಹಾ ಕುಡಿಯುತ್ತಿದ್ದ. ಅಮ್ಮ ನೆಲದ ಮೇಲೆ ಎಲೆ ಬಿಡಿಸುತ್ತಿದ್ದಳು. ನಾನು ಚಪ್ಪಲಿಯನ್ನೂ ಬಿಡದೆ ಕೇಳಿದೆ.

‘ಮಾವ, ಪುಡಿಗೆ ಏನು ಬೆರೆಸಿದ್ದೀಯ?’

‘ಪ್ರೀತಿ, ವಿಶ್ವಾಸ,’ ಎಂದ. ‘ಯಾಕೆ, ಅದೂ ಕಾಣಿಸುತ್ತಾ ನಿನ್ನ ಯಂತ್ರದಲ್ಲಿ?’

‘ವಿಟಮಿನ್ ಸಿ ಬೆರೆಸಿದ್ದೀಯ.’

ಲೋಟ ಬಾಯಿಯ ಹತ್ತಿರವೇ ನಿಂತಿತು. ಅವನು ನನ್ನನ್ನು ನೋಡಲಿಲ್ಲ, ಅಕ್ಕನನ್ನು ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನಗೆ ಅದು ಹಾಗೇ ಕಂಡಿತು. ಅಕ್ಕನ ಎದುರು ಸಿಕ್ಕಿಬಿದ್ದ ಮುಖ ಎಂದುಕೊಂಡೆ. ಆಮೇಲೆ ನನ್ನ ಬಾಯಿಗೆ ಅಡೆತಡೆ ಇರಲಿಲ್ಲ. ಕಳ್ಳ ಎಂದೆ. ಅಮ್ಮ ಬೆರಳು ಸವೆಸಿ ಒಣಗಿಸಿದ್ದನ್ನು ಕಲಬೆರಕೆ ಮಾಡಿದವನು ಎಂದೆ. ಹೆಂಡತಿ ಮಕ್ಕಳಿಲ್ಲದವನಿಗೆ ಇನ್ನೊಬ್ಬರ ಮಾನದ ಬೆಲೆ ಏನು ಗೊತ್ತು ಎಂದೆ. ಅವನ ಕೈಯಲ್ಲಿ ಬೆಳೆದ ನಾನು ಅವನಿಗೆ ಹಾಗೆಂದೆ.

ಮಾವ ಎಲ್ಲವನ್ನೂ ಕೇಳಿಸಿಕೊಂಡ. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಮೆಲ್ಲಗೆ, ‘ಅಕ್ಕ,’ ಎಂದು ಕರೆದ.

ಅಮ್ಮ ತಲೆ ಎತ್ತಲಿಲ್ಲ. ‘ಚಹಾ ಆರ್ತಾ ಇದೆ, ಕುಡಿ,’ ಎಂದಳು.

ಮಾವ ಲೋಟವನ್ನು ನೆಲದ ಮೇಲಿಟ್ಟು ಎದ್ದ. ‘ಆಯ್ತು ವಿಜ್ಞಾನಿಗಳೇ. ನಾನೇ ಹಾಕಿದೆ ಅಂತ ಬರ್ಕೊಳ್ಳಿ,’ ಎಂದು ಹೊರಗೆ ಹೋದ. ಅವತ್ತಿನಿಂದ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ.

ಅಮ್ಮ ಅದರ ಬಗ್ಗೆ ಮಾತೆತ್ತಲಿಲ್ಲ. ಅಡುಗೆ ಮಾತ್ರ ಮೂರು ಜನಕ್ಕೇ ಮಾಡುತ್ತಿದ್ದಳು, ಉಳಿದದ್ದನ್ನು ಮರುದಿನ ತಾನೊಬ್ಬಳೇ ತಿನ್ನುತ್ತಿದ್ದಳು. ಕಂಪನಿಯವರು ತಿಂಗಳ ಕೊನೆಯವರೆಗೆ ಕಾಯುತ್ತೇವೆ ಎಂದಿದ್ದರು. ಒಂದು ಸಂಜೆ ಅಮ್ಮ ನನ್ನ ಮುಂದೆ ಕೂತು ಕೇಳಿದಳು: ‘ಇನ್ನೊಂದು ಸಲ ಪುಡಿ ಮಾಡಿಕೊಟ್ಟರೆ ನೋಡ್ತೀಯಾ?’

‘ಏನು ನೋಡೋದಮ್ಮ? ಮೊದಲನೇ ಸಲ ಬಂದದ್ದೇ ನಿಜವಾದ ಅಂಕಿ.’

‘ಅವನಿಲ್ಲ ಈಗ ಮನೇಲಿ. ಪುಡಿ ಅವನ ಕೈಗೆ ಸಿಗಲ್ಲ. ನೀನೇ ಒಯ್ಯಿ. ಬಣ್ಣ ಹೋಗದೇ ಇದ್ದರೆ ಅವನೇ ಹಾಕಿದ್ದು ಅಂತ ಆಯ್ತು. ಅವನಿಲ್ಲದೆಯೂ ಬಣ್ಣ ಹೋದರೆ?’ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ‘ಹೋದರೆ ಅವನು ಹಾಕಿರಲಿಲ್ಲ ಅಂತ ತಾನೇ?’

ಅಮ್ಮನ ಈ ತರ್ಕಕ್ಕೆ ನಾನು ತಲೆಯಾಡಿಸಿದೆ. ಬಣ್ಣ ಹೋಗುವುದಿಲ್ಲ ಎಂದು ನನಗೆ ಖಂಡಿತ ಗೊತ್ತಿತ್ತು. ಆದರೂ ಅವಳ ಸೊಪ್ಪಿಗೆ ಅವಳದೇ ಆದ ಒಂದು ಶುದ್ಧವಾದ ಅಂಕಿ ಇರಲಿ, ಸಣ್ಣದಾದರೂ ಅವಳದಾಗಿರಲಿ ಎಂದು ಒಪ್ಪಿದೆ. ರಜೆಯ ದಿನ ಇಬ್ಬರೂ ಬೇಲಿಗೆ ಹೋಗಿ ಬಳ್ಳಿ ಕೊಯ್ದೆವು. ಇಬ್ಬರೂ ಕೂತು ಎಲೆ ಬಿಡಿಸಿದೆವು. ಒಳಕೋಣೆಯಲ್ಲಿ ಹರವಿದ ಎಲೆಯನ್ನು ಕೆಲಸಕ್ಕೆ ಹೋಗುವ ಮೊದಲು ನಾನೂ ಬೆರಳಿನಿಂದ ತಿರುವಿ ಹಾಕುತ್ತಿದ್ದೆ. ಇಷ್ಟು ವರ್ಷದಲ್ಲಿ ಅಮ್ಮನ ಜೊತೆ ಆ ಕೆಲಸ ಮಾಡಿದ್ದು ಅದೇ ಮೊದಲು. ಎಲೆ ಗರಿಗರಿಯಾದ ಮೇಲೆ, ನಾನು ಪ್ರಯೋಗಾಲಯದಲ್ಲಿದ್ದ ಒಂದು ಮಧ್ಯಾಹ್ನ, ಅಮ್ಮ ಪುಡಿ ಮಾಡಿ ಸ್ಟೀಲ್ ಡಬ್ಬಿಗೆ ತುಂಬಿಟ್ಟಿದ್ದಳು.

ಬೆಳಿಗ್ಗೆ ಡಬ್ಬಿ ಕೈಗಿಡುವಾಗ ನನ್ನ ಕೋಟಿನ ಗುಂಡಿ ಹಾಕಿ, ‘ಹೋಗಿ ಬಾ,’ ಎಂದಳು. ಶಾಲೆಗೆ ಕಳಿಸುವಾಗ ಹಾಗೆ ಹಾಕುತ್ತಿದ್ದಳು.

ಚಹಾದ ಹೊತ್ತಿಗೆ ಎಲ್ಲರೂ ಕೆಳಗಿಳಿಯುವವರೆಗೆ ಕಾದೆ. ಕಿಟಕಿಯ ಪರದೆ ಎಳೆದೆ. ನೇರಳೆ ನೀರನ್ನು ಕೊಳವೆಗೆ ಹಾಕಿ, ಅಮ್ಮನ ಸೊಪ್ಪಿನ ರಸ ಬಿಟ್ಟೆ.

ನೇರಳೆ ಆ ಕ್ಷಣವೇ ಹೋಯಿತು.

ಕೊಳವೆಯಲ್ಲಿ ಉಳಿದ ಹಳದಿಯನ್ನು ನೋಡುತ್ತ ನಿಂತೆ. ಇನ್ನೊಂದು ಕೊಳವೆಗೆ ಹಾಕಿದೆ, ಮತ್ತೊಂದಕ್ಕೆ ಹಾಕಿದೆ. ಹಳದಿ ದ್ರಾವಣ ತಂದು ಹಾಕಿದೆ, ಸೋಡಾಕ್ಕೂ ಕಾಯದೆ ನೀಲಿಯಾಯಿತು. ತಿಂಗಳಿಗೆಂದು ತಂದ ಮಾತ್ರೆ ಅಷ್ಟು ಬೇಗ ಹೇಗೆ ಮುಗಿಯಿತು ಎಂದು ಆಗ ನಾನು ಕೇಳಿರಲಿಲ್ಲ. ಈಚೆಗೆ ತಂದಿಟ್ಟ ಹೊಸ ಪಟ್ಟಿಯಿಂದ ಅಮ್ಮ ಬೆಳಿಗ್ಗೆ ನನಗೆ ಮಾತ್ರೆ ಕೊಡುವುದನ್ನು ಎರಡು ದಿನದಿಂದ ನಿಲ್ಲಿಸಿದ್ದಳು, ಅದನ್ನೂ ಕೇಳಿರಲಿಲ್ಲ. ಮಾವ ಕುರ್ಚಿಯಲ್ಲಿ ಕೂತು ಕೇಳಿದ ಪ್ರಶ್ನೆಗಳಿಗೆಲ್ಲ ನಾನು ಉತ್ತರ ಕೊಡುತ್ತಿದ್ದಾಗ ನೆಲದ ಮೇಲೆ ಕೂತವಳು ಕೇಳಿಸಿಕೊಳ್ಳುತ್ತಿದ್ದಳು ಎಂಬುದು ನನ್ನ ಬುದ್ಧಿಗೆ ಹೊಳೆದಿರಲಿಲ್ಲ. ತಮ್ಮನನ್ನು ಬಿಡಿಸಲು ಅವಳಿಗೆ ಗೊತ್ತಿದ್ದ ದಾರಿ ಇದೊಂದೇ. ಮತ್ತೆ ಬೆರೆಸಿದಳು.

ಸ್ಯಾಂಪಲ್ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇವೆ ಎಂದು ಸಾಹೇಬರಿಗೆ ಹೇಳಿದೆ. ಅಂಕಿ ಎಷ್ಟು ಬಂತು ಎಂದು ಕೇಳಿದರು. ಅಳೆಯಲಿಲ್ಲ ಎಂದೆ. ಕೊಳವೆಗಳನ್ನು ನಾನೇ ತೊಳೆದಿಟ್ಟೆ.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು.

‘ಬಣ್ಣ ಹೋಯ್ತಾ?’

‘ಹೋಯ್ತು.’

‘ಪೂರ್ತಿ?’

‘ಪೂರ್ತಿ.’

ಅವಳ ಮುಖದಲ್ಲಿ ನಿಜವಾದ ಸಂತೋಷ ಇತ್ತು, ಅದನ್ನು ನೋಡಿ ನನಗೆ ಕಿರುಚಬೇಕು ಅನ್ನಿಸಿತು. ‘ಹಾಗಾದ್ರೆ ನಿನ್ನ ಮಾವ ಏನೂ ಹಾಕಿರಲಿಲ್ಲ ಅಂತಾಯ್ತು.’

‘ಹೌದಮ್ಮ,’ ಎಂದೆ. ‘ಮಾವ ಏನೂ ಹಾಕಿರಲಿಲ್ಲ.’

‘ಈಗಲೇ ಹೋಗಿ ಕರ್ಕೊಂಡು ಬಾ,’ ಎಂದಳು ಅಮ್ಮ. ‘ತಪ್ಪಾಯ್ತು ಅಂತ ಕೇಳ್ಕೋ. ಊಟಕ್ಕೆ ಇಲ್ಲೇ ಬರಲಿ.’

ಮಾವನ ಕೋಣೆಯ ಬಾಗಿಲು ತೆರೆದೇ ಇತ್ತು. ಸ್ಕೂಟರಿನ ಯಾವುದೋ ಭಾಗವನ್ನು ಹಳೇ ಬಟ್ಟೆಯ ಮೇಲೆ ಬಿಚ್ಚಿಟ್ಟುಕೊಂಡು ಒರೆಸುತ್ತಿದ್ದ. ನನ್ನನ್ನು ನೋಡಿ ಕೂತುಕೋ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ.

‘ತಪ್ಪಾಯ್ತು ಮಾವ,’ ಎಂದೆ. ‘ಈ ಸಲವೂ ಬಣ್ಣ ಹೋಯ್ತು. ಅಮ್ಮ ಹಾಕಿದ್ದು.’

‘ಗೊತ್ತು.’

‘ಗೊತ್ತಿತ್ತಾ?’

‘ಪೊಟ್ಟಣ ಕಟ್ಟುವಾಗ ಬೆರಳಿಗಂಟಿದ್ದನ್ನ ನೆಕ್ಕೋದು ನನ್ನ ಚಾಳಿ. ಬೇಲಿಸೊಪ್ಪು ಒಗರು. ಅವತ್ತು ಹುಳಿಯಿತ್ತು.’ ಅವನು ಒರೆಸುವುದನ್ನು ನಿಲ್ಲಿಸಲಿಲ್ಲ. ‘ಅಕ್ಕ ಒಂದು ಸಲ ಗೆಲ್ಲಲಿ ಬಿಡು ಅಂತ ತಂದುಕೊಟ್ಟೆ. ಆ ಲೆಕ್ಕದಲ್ಲಿ ನಾನೂ ಕಳ್ಳನೇ, ನೀನು ಅಂದದ್ದರಲ್ಲಿ ಪೂರಾ ಸುಳ್ಳೇನಿಲ್ಲ.’

‘ಆಗಲೇ ಯಾಕೆ ಹೇಳಲಿಲ್ಲ? ನಾನು ಅಷ್ಟೆಲ್ಲ ಅಂದಾಗ?’

‘ನಾನು ಹೇಳಬೇಕಾಗಿತ್ತಾ?’

‘ಈಗ ಮನೆಗೆ ಬಾ ಮಾವ. ಅಮ್ಮ ಕಾಯ್ತಾ ಇದ್ದಾಳೆ. ನನ್ನ ಮೇಲೆ ಕೋಪ ಇದ್ದರೆ ಎರಡು ಏಟು ಹಾಕು.’

‘ನಿನ್ನ ಮೇಲೆ ಏನು ಕೋಪ? ನಿನ್ನ ಬಾಯಿ ಹಾಗೇ, ಹುಟ್ಟಿದಾಗಿನಿಂದ ನೋಡ್ತಾ ಇದ್ದೀನಿ.’ ಈಗ ಮಾತ್ರ ಅವನು ತಲೆ ಎತ್ತಿದ. ಕಣ್ಣು ಕೆಂಪಾಗಿತ್ತು. ‘ನೀನು ಕಳ್ಳ ಅಂದಾಗ ಅಕ್ಕ ಅಲ್ಲೇ ಕೂತಿದ್ದಳು. ಹೆಂಡತಿ ಮಕ್ಕಳಿಲ್ಲದವನು ಅಂದಾಗಲೂ ಅಲ್ಲೇ ಕೂತಿದ್ದಳು. ಯಾಕಿಲ್ಲ ಅಂತ ಅವಳಿಗೆ ಗೊತ್ತು. ನಿನ್ನನ್ನ ಓದಿಸೋ ಹೊತ್ತಲ್ಲಿ ಇನ್ನೊಂದು ಸಂಸಾರ ಕಟ್ಟೋಕಾಗುತ್ತಾ ಅಂತ ನಾವಿಬ್ಬರೂ ಕೂತೇ ಮಾತಾಡಿದ್ವಿ. ನಾನು ಅಕ್ಕ ಅಂತ ಕರೆದೆ. ಏನಂದ್ಲು ಗೊತ್ತಾ? ಚಹಾ ಆರ್ತಾ ಇದೆ ಅಂದ್ಲು.’

ಬೀದಿಯಲ್ಲಿ ಯಾರದೋ ಸೈಕಲ್ ಗಂಟೆ ಬಾರಿಸುತ್ತ ಹೋಯಿತು. ಮಾವ ಮತ್ತೆ ಬಟ್ಟೆ ಕೈಗೆ ತೆಗೆದುಕೊಂಡ. ‘ಇನ್ನು ಮುಂದೆ ಪೊಟ್ಟಣ ಅಂಗಡಿಗೆ ಹಾಕೋಕೆ ಬೇರೆ ಯಾರನ್ನಾದರೂ ನೋಡ್ಕೊಳ್ಳಿ,’ ಎಂದ. ‘ಹೋಗು, ಕತ್ತಲಾಗುತ್ತೆ.’

ಹಿಂತಿರುಗಿ ಬಂದಾಗ ಅಮ್ಮ ಮೂರು ತಟ್ಟೆ ಹಾಕಿಟ್ಟು, ಪಕ್ಕದಲ್ಲಿ ಕೂತು ಎಲೆ ಬಿಡಿಸುತ್ತಿದ್ದಳು. ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರಾ ಎಂದು ಬಾಗಿಲ ಕಡೆ ನೋಡಿದಳು.

‘ಬರಲ್ವಂತಾ?’

‘ಇಲ್ಲ.’

‘ಬಣ್ಣ ಹೋಯ್ತು ಅಂತ ಹೇಳಲಿಲ್ವಾ?’

‘ಹೇಳಿದೆ.’

‘ಮತ್ತೆ ಯಾಕಂತೆ?’

‘ಅವತ್ತು ಅವನು ಅಕ್ಕ ಅಂತ ಕರೆದಾಗ, ಚಹಾ ಆರ್ತಾ ಇದೆ ಅಂದೆಯಲ್ಲ,’ ಎಂದೆ. ‘ಅದಕ್ಕಂತೆ.’

ಅಮ್ಮನ ಕೈ ನಿಂತಿತು. ನಾನು ಕಾದೆ. ಇಷ್ಟು ಹೊತ್ತಿನಲ್ಲಿ ಒಂದು ಮಾತು ಹೇಳುತ್ತಾಳೆ, ಈಗ ಹೇಳುತ್ತಾಳೆ, ಹೇಳಿಬಿಟ್ಟರೆ ನಾನೇ ಓಡಿಹೋಗಿ ಅವನ ಕೈಹಿಡಿದು ಎಳೆದುಕೊಂಡು ಬರುತ್ತೇನೆ ಎಂದು ಕಾದೆ. ಅವಳು ಬುಟ್ಟಿಯಿಂದ ಇನ್ನೊಂದು ಬಳ್ಳಿ ಎತ್ತಿಕೊಂಡಳು. ಒಂದೊಂದೇ ಎಲೆ ಬಿಡಿಸತೊಡಗಿದಳು.

‘ಊಟ ಆರ್ತಾ ಇದೆ,’ ಎಂದಳು, ತಲೆ ಎತ್ತದೆ. ‘ಕೂತ್ಕೋ.’

ನಾನು ಕೂತೆ.